ಕುರ್ಚಿಯವರೆಗೆ ಬರುವ ನಲ್ಲಿ

ಜನವರಿ 6

ಪ್ರೀತಿಯ ಮರಿಗೆ,

ನಿನ್ನ ಅಕ್ಕ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಐವತ್ತು ದಾಟಿ ಮೀಸೆ ನರೆತವನನ್ನು ಹೀಗೆ ಕರೆಯಬಾರದು ನಿಜ, ಆದರೆ ಭಾವನಾದವನಿಗೆ ಅಷ್ಟೂ ಹಕ್ಕಿಲ್ಲವೇ? ನಾವಿಲ್ಲಿ ಚೆನ್ನಾಗಿದ್ದೇವೆ. ಆ ಹಿಮದ ಬೆಟ್ಟದ ಮೇಲೆ ನೀನೂ ಬೆಚ್ಚಗಿದ್ದೀಯ ಎಂದುಕೊಂಡಿದ್ದೇನೆ. ನಿಮ್ಮ ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲ, ವಾರಕ್ಕೊಮ್ಮೆ ದಿನಸಿ ತರುವ ಜೀಪೇ ಟಪಾಲನ್ನೂ ತರಬೇಕು ಎಂದು ನೀನು ಗೊಣಗುತ್ತೀಯ. ನನಗಂತೂ ಇದೇ ಇಷ್ಟ. ಫೋನಿನಲ್ಲಿ ಆಡಿದ ಮಾತನ್ನು ತಿದ್ದಲು ಬರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಅಡುಗೆಮನೆಯ ಸಿಂಕಿಗೆ ಈಗೊಂದು ಹೊಸ ಬಗೆಯ ನಲ್ಲಿ ಬಂದಿದೆಯಲ್ಲ, ಮೂತಿ ಹಿಡಿದು ಎಳೆದರೆ ಹಾವಿನ ಹಾಗೆ ಪೈಪು ಹೊರಗೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ. ಅದನ್ನು ಕೂರಿಸುವುದು ಹೇಗೆ? ಪ್ಲಂಬರನ್ನು ಕರೆಯಬಾರದೇ ಎನ್ನುತ್ತೀಯ. ಕರೆದೆ. ನಾಳೆ ಬರುತ್ತೇನೆ ಎಂದ. ಅವನ ನಾಳೆ ಇನ್ನೂ ಬಂದಿಲ್ಲ. ನೀನೋ, ಮನುಷ್ಯ ಎದ್ದುನಿಂತು ಓಡಾಡುವಷ್ಟು ದೊಡ್ಡ ಕೊಳವೆಗಳನ್ನು ಜೋಡಿಸಿ ಅಣೆಕಟ್ಟಿನ ನೀರು ಇಳಿಸುವವನು. ಬೆರಳು ದಪ್ಪದ ಪೈಪಿನ ವಿಚಾರ ಕೇಳಿದೆನೆಂದು ನಗಬೇಡ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ಆಯುಸ್ಸು ಕಳೆದವನು ನಾನು. ಸ್ಪ್ಯಾನರ್‌ಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎನ್ನುವುದೂ ಗೊತ್ತಿಲ್ಲ.

ಯಾಕೆ ಬೇಕು ಎಂದರೆ, ತರಕಾರಿ ತೊಳೆಯಲು ಸುಲಭ. ದೊಡ್ಡ ಪಾತ್ರೆಗಳ ಮೂಲೆಗೂ ನೀರು ಹೋಗುತ್ತದೆ. ಅಷ್ಟೇ.

ನಿನ್ನ ಅಕ್ಕ ಪಕ್ಕದ ಮನೆಗೆ ಹೋಗಿದ್ದಾಳೆ. ಟಪಾಲಿನ ಹೊತ್ತಾಯಿತು, ಅವಳ ಎರಡು ಸಾಲು ಇಲ್ಲದೆಯೇ ಕಳಿಸುತ್ತಿದ್ದೇನೆ.

ನಿನ್ನ ಭಾವ


ಜನವರಿ 15

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಬಿದ್ದು ಬಿದ್ದು ನಕ್ಕೆ. ನೀವು, ತರಕಾರಿ ತೊಳೆಯುವುದು! ನಿಮ್ಮ ಮನೆಯ ಸಿಂಕು ಯಾವ ಗೋಡೆಗಿದೆ ಅಂತ ನಿಮಗೆ ಗೊತ್ತೇ? ಇರಲಿ, ಕೇಳಿದ್ದೀರಿ, ಹೇಳುತ್ತೇನೆ. ನನ್ನ ಕಾಗುಣಿತದ ತಪ್ಪು ಹುಡುಕುವುದು ಬಿಟ್ಟು ಹೇಳಿದ ಕೆಲಸದ ಕಡೆ ಗಮನ ಇರಲಿ.

ಸಿಂಕಿನ ಕೆಳಗೆ ಎರಡು ವಾಲ್ವು ಇರುತ್ತವೆ, ಬಿಸಿನೀರಿಗೊಂದು ತಣ್ಣೀರಿಗೊಂದು. ಎರಡನ್ನೂ ಮುಚ್ಚಿ. ಮುಚ್ಚಿದ ಮೇಲೆ ಹಳೆ ನಲ್ಲಿ ತಿರುಗಿಸಿ ನೋಡಿ, ನೀರು ನಿಂತಿರಬೇಕು. ನಿಲ್ಲದಿದ್ದರೆ ಮುಂದೆ ಹೋಗಬೇಡಿ. ಹಳೆ ನಟ್ಟಿಗೆ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಒಂದಿಡೀ ದಿನ ಸುಮ್ಮನಿರಿ, ಅದರ ಜೊತೆ ಜಗಳ ಬೇಡ. ಹೊಸ ನಲ್ಲಿಯನ್ನು ತೂತಿನಲ್ಲಿ ಕೂರಿಸಿ ಕೆಳಗಿಂದ ಬಿಗಿ ಮಾಡಿ. ಎಳೆಯುವ ಪೈಪನ್ನು ನಲ್ಲಿಯ ಕತ್ತಿನೊಳಗಿಂದ ಕೆಳಗೆ ಬಿಟ್ಟು, ಅಲ್ಲಿರುವ ಇನ್ನೊಂದು ಪೈಪಿಗೆ ಸೇರಿಸಬೇಕು. ಸೇರುವ ಜಾಗಕ್ಕೆ ಅಂತ ಡಬ್ಬದಲ್ಲಿ ಕಪ್ಪು ರಬ್ಬರ್ ವಾಷರ್ ಕೊಟ್ಟಿರ್ತಾರೆ. ಅದನ್ನ ಮರಿಬೇಡಿ. ಇನ್ನೊಂದು ಸಲ ಹೇಳ್ತೀನಿ, ಮರಿಬೇಡಿ. ಆಮೇಲೆ ಪೈಪು ಜೋತುಬಿದ್ದ ಕಡೆ ಒಂದು ತೂಕದ ಗುಂಡು ಕಚ್ಚಿಸಬೇಕು. ಪೈಪು ತಾನಾಗಿ ಒಳಗೆ ಹೋಗುವುದು ಆ ಗುಂಡಿನ ಭಾರಕ್ಕೆ. ಅದು ಮೇಲೆ ಕೆಳಗೆ ಓಡಾಡಲು ಜಾಗ ಬೇಕು, ಸಿಂಕಿನ ಕೆಳಗೆ ನೀವು ಗುಡ್ಡೆ ಹಾಕಿರುವ ಹಳೆ ಡಬ್ಬಗಳನ್ನೆಲ್ಲ ಎತ್ತಿ.

ಒಂದು ಮಾತು ಕೇಳಲೇ? ಅಕ್ಕ ಎರಡು ಸಾಲು ಬರೆಯದೆ ನಿಮ್ಮ ಕಾಗದ ಇದುವರೆಗೆ ಬಂದದ್ದೇ ಇಲ್ಲ. ಅವಳಿಗೆ ನನ್ನ ಮೇಲೆ ಕೋಪವೇ? ಡಿಸೆಂಬರ್ ನಡುವಿನಲ್ಲಿ ಅವಳೊಬ್ಬಳಿಗೇ ಒಂದು ಕಾಗದ ಹಾಕಿದ್ದೆ. ಏನು ಬರೆದಿದ್ದೆ ಅಂತ ಈಗ ನಿಮಗೆ ಹೇಳಲಾರೆ. ಕೋಪ ಬಂದಿದ್ದರೆ ಬಾಯಿ ತುಂಬ ಬಯ್ಯಲಿ, ಹೀಗೆ ಸುಮ್ಮನಿರಬಾರದು ಅಂತ ಹೇಳಿ.

ಮರಿ


ಜನವರಿ 24

ಮರಿ,

ನಿನ್ನ ಕಾಗದವನ್ನು ಸಿಂಕಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅಂಟಿಸುವ ಮೊದಲು ನೀನು ಬಿಟ್ಟ ಕೊಂಬು, ದೀರ್ಘ, ಒತ್ತುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹಾಕಿದ್ದೇನೆ. ಈಗ ಅದು ಓದುವ ಹಾಗಿದೆ.

ನಲ್ಲಿ ತಂದಾಯಿತು. ಡಬ್ಬದ ಜೊತೆ ಬಂದ ಸೂಚನೆಯ ಹಾಳೆ ನೋಡಿ ಹೊಟ್ಟೆ ಉರಿಯಿತು. ‘ನಟ್ಟನ್ನು ಕೈಯಿಂದಲೇ ಬಿಗಿಯಿರಿ’ ಎನ್ನುವ ಕಡೆ ಗುಡಿಸು ಹಾರಿಹೋಗಿ ‘ಬಗಿಯಿರಿ’ ಆಗಿದೆ. ನಲ್ಲಿ ಕೂರಿಸುವವನಿಗೆ ಹೇಳುವುದೋ, ಕೊಲೆಗಾರನಿಗೆ ಹೇಳುವುದೋ! ಡಬ್ಬ ಬಿಚ್ಚಲು ಕತ್ತರಿ ಇರಲಿಲ್ಲ, ಹಲ್ಲಿನಲ್ಲೇ ಬಿಚ್ಚಿದೆ. ಮನೆಯ ಕತ್ತರಿ ಸದ್ಯಕ್ಕೆ ಪ್ರೆಸ್ಸಿನಲ್ಲಿ ನನ್ನ ಡ್ರಾಯರಿನೊಳಗೆ ಬೀಗದಲ್ಲಿದೆ. ಯಾಕೆಂದು ಕೇಳಬೇಡ.

ಕೂರಿಸುವ ಮೊದಲು ಒಂದೆರಡು ಅನುಮಾನ. ಪೈಪು ಎಷ್ಟು ದೂರ ಬರುತ್ತದೆ? ಸಿಂಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತವರ ಕತ್ತಿನವರೆಗೆ ಬಂದೀತೇ? ನೀರು ಒಮ್ಮೆಲೇ ಸುಡುವ ಹಾಗೆ ಬರದಂತೆ ಏನು ಮಾಡಬೇಕು? ಸುಮ್ಮನೆ ತಿಳಿದುಕೊಂಡಿರೋಣ ಎಂದು ಕೇಳುತ್ತಿದ್ದೇನೆ.

ಕೋಪದ ಮಾತು ನನಗೆ ಅರ್ಥವಾಗಲಿಲ್ಲ. ನೀನು ಕೇಳಿದ್ದನ್ನು ಅವಳಿಗೆ ಓದಿ ಹೇಳಿದೆ. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನೀನು ಏನು ಬರೆದಿದ್ದೀಯೋ ನೀವಿಬ್ಬರೇ ಬಲ್ಲಿರಿ. ಅವಳು ಆರೋಗ್ಯವಾಗಿದ್ದಾಳೆ, ಸ್ವಲ್ಪ ಕೆಲಸದ ಗಡಿಬಿಡಿ.

ನಿನ್ನ ಭಾವ


ಫೆಬ್ರವರಿ 2

ಭಾವ,

ನಿಜ ಹೇಳಿ. ಆರೋಗ್ಯವಾಗಿದ್ದಾಳೆ, ಕಣ್ಣೊರೆಸಿಕೊಂಡಳು, ಕುರ್ಚಿ, ಕತ್ತು, ಬೀಗದಲ್ಲಿಟ್ಟ ಕತ್ತರಿ. ಇದನ್ನೆಲ್ಲ ಓದಿ ಮೊದಲು ನಿಮಗೇ ಏನೋ ಆಗಿದೆ, ಬೆನ್ನು ಹಿಡಿದಿದೆಯೋ ಏನೋ ಅಂದುಕೊಂಡೆ. ತಲೆಬಿಸಿಯಾಗಿ ಕಾಗದವನ್ನು ನಮ್ಮ ಕ್ಯಾಂಪಿನ ದವಾಖಾನೆಗೆ ತಗೊಂಡು ಹೋಗಿ ನಮ್ಮೂರ ಕಡೆಯ ನರ್ಸಿಗೆ ತೋರಿಸಿದೆ. ಅವಳು ಎರಡು ಸಲ ಓದಿ, “ಇದು ತಲೆ ತೊಳೆಯೋಕೆ ರೀ. ನಿಮ್ಮ ಭಾವನಿಗೆ ಉದ್ದ ಕೂದಲಾ?” ಅಂದಳು.

“ಅವರ ತಲೇಲಿ ಕೂದಲು ಹುಡುಕಬೇಕು,” ಅಂದೆ.

“ಹಾಗಾದ್ರೆ ನಿಮ್ಮ ಅಕ್ಕನ ತಲೆ. ತಾನೇ ತೊಳ್ಕೊಳ್ಳೋಕೆ ಆಗ್ತಿಲ್ಲ. ಎರಡು ಸಾಲು ಬರೆಯೋಕೂ ಆಗ್ತಿಲ್ಲ. ಇನ್ನೇನು, ಬಲಗೈಗೆ ಏನೋ ಆಗಿದೆ. ನೀವು ನೋಡಿದ್ರೆ ಕೋಪ ಕೋಪ ಅಂತ ಕೂತಿದ್ದೀರಿ.”

ಹಿಮ ಬಿದ್ದು ರಸ್ತೆ ಮುಚ್ಚಿದೆ, ದಿನಸಿ, ಟಪಾಲು ಎಲ್ಲವನ್ನೂ ಹಗ್ಗಕ್ಕೆ ಕಟ್ಟಿದ ತೊಟ್ಟಿಲಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾರೆ. ನೀವು ನಿಜ ಬರೆಯದಿದ್ದರೆ ನಾನು ನಡೆದೇ ಇಳಿಯುತ್ತೇನೆ, ಹೇಳಿಬಿಟ್ಟಿದ್ದೇನೆ.

ಪೈಪು ಕುರ್ಚಿಯವರೆಗೆ ಬರುತ್ತದೆ. ತೂಕದ ಗುಂಡನ್ನು ಆದಷ್ಟು ಕೆಳಗೆ ಕಚ್ಚಿಸಿ, ಇನ್ನೊಂದು ಗೇಣು ಉದ್ದ ಸಿಗುತ್ತದೆ. ಬಿಸಿನೀರಿನ ವಾಲ್ವನ್ನು ಅರ್ಧ ಮಾತ್ರ ತೆರೆಯಿರಿ, ಮೊದಲು ನಿಮ್ಮ ಮುಂಗೈ ಮೇಲೆ ಬಿಟ್ಟು ನೋಡಿಕೊಳ್ಳಿ. ಸಿಂಕಿನ ಅಂಚು ಕತ್ತಿಗೆ ಒತ್ತದ ಹಾಗೆ ದಪ್ಪ ಟವೆಲ್ ಮಡಚಿ ಇಡಬೇಕಂತೆ, ಅವಳು ಹೇಳಿದಳು.

ಮರಿ


ಫೆಬ್ರವರಿ 11

ಪ್ರೀತಿಯ ಮರಿ,

ನಡೆದು ಇಳಿಯಬೇಡ. ದಯವಿಟ್ಟು ಮೊದಲು ಇಷ್ಟನ್ನು ಓದಿಕೋ. ನಿನ್ನ ಅಕ್ಕ ಚೆನ್ನಾಗಿದ್ದಾಳೆ, ಈ ಸಲ ನಿಜವಾಗಿಯೂ.

ಡಿಸೆಂಬರ್ ಮೂರನೇ ವಾರ ಪರದೆ ಬಿಚ್ಚಲು ಸ್ಟೂಲ್ ಹತ್ತಿದವಳು ಜಾರಿ ಬಿದ್ದಳು. ಬಲ ತೋಳಿನ ಮೂಳೆ, ಭುಜದ ಹತ್ತಿರ, ಬಿರುಕು ಬಿಟ್ಟಿದೆ. ಕೈಗೆ ಕತ್ತಿನಿಂದ ಬಟ್ಟೆಯ ಜೋಳಿಗೆ ಕಟ್ಟಿದ್ದಾರೆ. ಸರಿಯಾಗಿ ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ನಿನಗೆ ತಿಳಿಸಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಳು. ನಿಮ್ಮ ಅಮ್ಮನಿಗೆ ಹುಷಾರಿಲ್ಲ ಎಂದಾಗ ನೀನು ಹಿಮದಲ್ಲೇ ಹೊರಟು, ಜೀಪು ಕಂದಕಕ್ಕೆ ಜಾರಿ, ಮರಕ್ಕೆ ಸಿಕ್ಕಿಕೊಂಡು ಉಳಿದೆಯಲ್ಲ, ಆ ಹೆದರಿಕೆ ಅವಳಿಗೆ ಇನ್ನೂ ಹೋಗಿಲ್ಲ. ನಾನು ಸುಳ್ಳು ಹೇಳಲಿಲ್ಲ ಎನ್ನಲಾರೆ. ತರಕಾರಿಯ ಹೆಸರಿನಲ್ಲಿ ಹೇಳಿದೆ.

ಊಟ, ಪಾತ್ರೆ, ಬಟ್ಟೆ ಎಲ್ಲ ಹೇಗೋ ನಿಭಾಯಿಸಿದೆವು. ತಲೆಕೂದಲೊಂದು ಮಾತ್ರ ದೊಡ್ಡ ಕಷ್ಟವಾಯಿತು. ಬಚ್ಚಲು ಇಕ್ಕಟ್ಟು, ಬಗ್ಗಿದರೆ ಭುಜ ನೋಯುತ್ತದೆ, ಮತ್ತೆ ಜಾರಿದರೆ ಎನ್ನುವ ಭಯ ಬೇರೆ. ಅವಳ ಜಡೆ ನಿನಗೆ ಗೊತ್ತಲ್ಲ. ಜಿಡ್ಡುಗಟ್ಟಿ ಗಂಟುಗಂಟಾಗಿ ಹೋಯಿತು. ಒಂದು ಸಂಜೆ ನಾನು ಕೆಲಸದಿಂದ ಬಂದರೆ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೂತಿದ್ದಳು.

“ಕತ್ತರಿಸಿಬಿಡಿ. ನನ್ನ ಎಡಗೈಗೆ ಆಗ್ಲಿಲ್ಲ,” ಎಂದಳು.

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. “ಒಂದಿಷ್ಟು ದಿನ ತಡಿ,” ಎಂದು ಕತ್ತರಿ ಎತ್ತಿಕೊಂಡು ಹೋಗಿ ಪ್ರೆಸ್ಸಿನಲ್ಲಿ ಬಚ್ಚಿಟ್ಟೆ. ಮರುದಿನವೇ ಪ್ಲಂಬರನ್ನು ಕರೆದೆ, ಅವನು ಬರದಿದ್ದಾಗ ನಿನಗೆ ಮೊದಲ ಕಾಗದ ಬರೆದದ್ದು.

ಇನ್ನು ನಲ್ಲಿಯ ಕಥೆ ಕೇಳು. ಎಲ್ಲವನ್ನೂ ನೀನು ಹೇಳಿದ ಹಾಗೆಯೇ ಮಾಡಿದೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸಿಂಕಿನ ಕೆಳಗೆ ಅಂಗಾತ ಮಲಗಿದೆ. ಹಳೆ ನಟ್ಟು ಬಿಚ್ಚಿಕೊಂಡಾಗ ತುಕ್ಕಿನ ಪುಡಿಯೆಲ್ಲ ಕಣ್ಣಿಗೆ. ಹೊಸದು ಕೂತಿತು. ಪೈಪು ಇಳಿಯಿತು. ಗುಂಡು ಕಚ್ಚಿಸಿದೆ. ಎಳೆದರೆ ಬಂತು, ಬಿಟ್ಟರೆ ಹೋಯಿತು. ಏನು ಖುಷಿ ಎನ್ನುತ್ತೀಯ, ಸುಮ್ಮಸುಮ್ಮನೆ ಹತ್ತಾರು ಸಲ ಎಳೆದು ಬಿಟ್ಟೆ. ನಿನ್ನ ಅಕ್ಕನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ನೀರು ತಿರುಗಿಸಿದೆ. ಮೇಲೆ ಒಂದು ಧಾರೆ ಬಂತು, ಕೆಳಗೆ ಕಪಾಟಿನಿಂದ ಅದರ ಎರಡರಷ್ಟು! ನನ್ನ ಚಪ್ಪಲಿ ತೇಲಿಕೊಂಡು ಬಾಗಿಲವರೆಗೆ ಹೋಯಿತು.

ವಾಲ್ವು ಮುಚ್ಚಿ ಒದ್ದೆಯಾಗಿ ನಿಂತಿದ್ದೆ. ನಿನ್ನ ಅಕ್ಕ ಎದ್ದು ಗೋಡೆಯ ಮೇಲಿನ ನಿನ್ನ ಕಾಗದ ಓದತೊಡಗಿದಳು.

“ವಾಷರ್ ಎಲ್ರೀ?”

“ಬೀರುವಿನಲ್ಲಿದೆ.”

“ಬೀರುವಿನಲ್ಲಿ ಅದಕ್ಕೇನು ಕೆಲಸ?”

ನಡೆದದ್ದು ಇಷ್ಟು. ನೀನು ‘ಮರಿಬೇಡಿ’ ಎಂದು ಬರೆದಿದ್ದೆ. ಉಳಿದ ಕಡೆಯೆಲ್ಲ ಕೊಂಬು ಬಿಟ್ಟವನು ಇಲ್ಲೂ ಬಿಟ್ಟಿದ್ದಾನೆಂದು ನಾನು ಮ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಒಂದು ಕೊಂಬು ಹಚ್ಚಿದೆ. ‘ಮುರಿಬೇಡಿ’ ಆಯಿತು. ನೀನು ಎರಡು ಸಲ ಹೇಳಿದ್ದರಿಂದ ಎರಡು ಕಡೆಯೂ ಹಚ್ಚಿದೆ. ಮುರಿಯಬಾರದಲ್ಲ, ಅದಕ್ಕೇ ಹತ್ತಿಯಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿಟ್ಟು ಬೀರುವಿನೊಳಗೆ ಭದ್ರ ಮಾಡಿದ್ದೆ.

“ರಬ್ಬರನ್ನ ಯಾರಾದ್ರೂ ಮುರೀತಾರೇನ್ರೀ?” ಎಂದಳು. ಎಂದವಳು ನಗತೊಡಗಿದಳು ನೋಡು, ಭುಜ ನೋಯುತ್ತದೆ, ಎಡಗೈಯಲ್ಲಿ ಅದನ್ನು ಹಿಡಿದುಕೊಂಡು “ಅಯ್ಯೋ, ನಗಿಸಬೇಡಿ” ಎನ್ನುತ್ತಾಳೆ, ಮತ್ತೆ ನಗುತ್ತಾಳೆ. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅಷ್ಟು ನೀರು ಒರೆಸಿದ್ದು ನನಗೆ ಒಂದು ಕೆಲಸವೆಂದೇ ಅನ್ನಿಸಲಿಲ್ಲ.

ವಾಷರ್ ಹಾಕಿದ ಮೇಲೆ ಒಂದು ಹನಿಯೂ ಸೋರಲಿಲ್ಲ. ಟವೆಲ್ ಮಡಚಿ ಇಟ್ಟು, ಮುಂಗೈ ಮೇಲೆ ನೀರು ನೋಡಿಕೊಂಡು, ಅವಳ ತಲೆ ತೊಳೆದೆ. ಮೊದಲ ಸಲ ಕೈ ತಪ್ಪಿ ಮೂಗಿಗೂ ಕಿವಿಗೂ ಬಿಟ್ಟೆ, ಬೈಸಿಕೊಂಡೆ. ಗಂಟು ಬಿಡಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಆದರೆ ಅದೊಂದೇ ಕೆಲಸದಲ್ಲಿ ನನ್ನ ಕರಡು ತಿದ್ದಿದ ಅನುಭವ ಉಪಯೋಗಕ್ಕೆ ಬಂತು. ಅವಸರವಿಲ್ಲದೆ ಒಂದೊಂದೇ ಎಳೆ ನೋಡುವುದು ನನಗೆ ಗೊತ್ತು. ಅವಳ ಎಡಗಿವಿಯ ಹಿಂದೆ, ಕೂದಲೊಳಗೆ, ಎಳ್ಳಿನಷ್ಟು ಒಂದು ಮಚ್ಚೆ ಇದೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನಾನು ನೋಡಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಆ ನರ್ಸಿಗೆ ನನ್ನ ಧನ್ಯವಾದ ತಿಳಿಸು. ಅಂದಹಾಗೆ, ನಿನ್ನ ಕಾಗದದಲ್ಲಿ ಮೊದಲು ‘ಅಂದರು’ ಎಂದು ಬರೆದು, ಅದನ್ನು ಹೊಡೆದು, ‘ಅಂದಳು’ ಮಾಡಿದ್ದೀಯ. ಆ ತಿದ್ದುಪಡಿ ನನ್ನದಲ್ಲ. ಕರಡು ತಿದ್ದುವವನ ಕಣ್ಣಿಗೆ ಹೊಡೆದು ಹಾಕಿದ್ದೇ ಮೊದಲು ಕಾಣುವುದು, ನೆನಪಿರಲಿ.

ನಿನ್ನ ಭಾವ


ಫೆಬ್ರವರಿ 19

ಮರಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಿನ್ನ ಗುಟ್ಟು ನನಗೆ ಗೊತ್ತಾಯಿತು.

ಈ ಭಾನುವಾರ ಎರಡನೆಯ ಸಲ ತಲೆ ತೊಳೆಯುತ್ತಿದ್ದೆ. ಈಗ ಕೈ ಪಳಗಿದೆ, ಬೈಗುಳ ಕಡಿಮೆ. ತಲೆ ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿಕೊಂಡಿದ್ದವಳು ಇದ್ದಕ್ಕಿದ್ದ ಹಾಗೆ, “ಮರಿ ಮದುವೆ ಆಗ್ತಾನಂತೆ,” ಎಂದಳು. ನನ್ನ ಕೈಯಲ್ಲಿದ್ದ ನಲ್ಲಿ ನನಗೇ ತಿರುಗಿಕೊಂಡಿತು.

ನೀನು ಬರೆದ ಕಾಗದ ಅವಳು ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಬಂದಿತ್ತಂತೆ. ಕ್ಯಾಂಪಿನ ನರ್ಸನ್ನು ಮದುವೆಯಾಗಬೇಕೆಂದಿದ್ದೇನೆ, ಅವಳೂ ಒಂಟಿ ನಾನೂ ಒಂಟಿ, ಈ ವಯಸ್ಸಿನಲ್ಲಿ ಜನ ನಗುತ್ತಾರೇನೋ, ನೀನು ಹೂಂ ಅಂದರೆ ಮಾತ್ರ ಮುಂದುವರಿಯುತ್ತೇನೆ, ಭಾವನಿಗೆ ಹೇಳಬೇಡ, ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ ಎಂದು ಬರೆದಿದ್ದೆಯಂತೆ. ನಿನ್ನ ಅಕ್ಕ ನಿನ್ನ ಮಾತು ಉಳಿಸಿದಳು. ತಾನು ಬರೆಯುವ ಹಾಗಿಲ್ಲ, ನನ್ನ ಕೈಯಲ್ಲಿ ಬರೆಸುವ ಹಾಗಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಒಳಗೊಳಗೇ ಒದ್ದಾಡಿದ್ದಾಳೆ. ಅವತ್ತು ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡಿದ್ದು ಅದಕ್ಕೆ. ಇಂಥ ಸುದ್ದಿಗೆ ಹೂಂ ಎನ್ನಲಾಗದೆ ಉಳಿದೆನಲ್ಲ, ಅವನು ಏನೆಂದುಕೊಂಡನೋ ಎಂದು.

ಕೂದಲು ಒರೆಸುವಷ್ಟರಲ್ಲಿ, “ಬರ್ಕೊಳ್ಳಿ. ತಿದ್ದಬೇಡಿ,” ಎಂದಳು. ಅವಳು ಹೇಳಿದ ಹಾಗೆಯೇ ಕೆಳಗೆ ಬರೆದಿದ್ದೇನೆ:

“ಮರಿ, ಹೂಂ. ಹೂಂ ಹೂಂ ಹೂಂ. ನಿಂಗೆ ಇಷ್ಟು ಬುದ್ಧಿ ಬರೋಕೆ ಇಷ್ಟು ವರ್ಷ ಬೇಕಾಯ್ತಾ? ನಗೋರು ನಗ್ಲಿ, ಅವರ ಹಲ್ಲು ಅವರದು. ಆ ಹುಡುಗಿ ಹತ್ತಿರ ಹೇಳು, ನನ್ನ ಕೈ ಮುರಿದಿದ್ದನ್ನ ಅಷ್ಟು ದೂರದಿಂದ ಕಂಡುಹಿಡಿದೆಯಲ್ಲ ತಾಯಿ, ನಮ್ಮ ಮರಿ ಸುಳ್ಳು ಹೇಳಿದ್ರೂ ಹೀಗೇ ಕಂಡುಹಿಡಿ ಅಂತ. ರಸ್ತೆ ತೆರೆಯೋವರೆಗೆ ಅಲ್ಲೇ ಇರಿ. ಹಿಮದಲ್ಲಿ ಇಳಿದು ಬಂದ್ರೆ ಬಾಗಿಲು ತೆಗೆಯಲ್ಲ.”

ನಾನು ಸೇರಿಸುವುದು ಒಂದೇ. ಸುತ್ತು ಹಾಕುವಂಥ ತಪ್ಪು ಇದರಲ್ಲಿ ನನಗೇನೂ ಕಾಣಲಿಲ್ಲ.

ನಿನ್ನ ಭಾವ


ಮಾರ್ಚ್ 3

ಭಾವ, ಅಕ್ಕ, ಇಬ್ಬರಿಗೂ.

ಎರಡೂ ಕಾಗದ ಒಂದೇ ತೊಟ್ಟಿಲಲ್ಲಿ ಮೇಲೆ ಬಂದವು. ಮೊದಲನೆಯದನ್ನು ಓದಿ ಅತ್ತೆ, ಎರಡನೆಯದನ್ನು ಓದಿ ಮತ್ತೆ ಅತ್ತೆ. ಜೊತೆಯವರು ಮನೆಯಲ್ಲಿ ಏನೋ ಅನಾಹುತ ಆಗಿದೆ ಅಂತ ಹೆದರಿ ದವಾಖಾನೆಗೆ ಓಡಿ ಅವಳನ್ನೇ ಕರೆದುಕೊಂಡು ಬಂದರು. ಅವಳು ಕಾಗದ ಕಿತ್ತುಕೊಂಡು ಓದಿದಳು. ‘ಆ ಹುಡುಗಿ’ ಅನ್ನುವ ಕಡೆ ನಿಂತುಬಿಟ್ಟಳು. “ನಲವತ್ತೇಳು ವರ್ಷದವಳನ್ನ ಹುಡುಗಿ ಅಂದಿದ್ದಾರೆ,” ಅಂತ ಎಲ್ಲರಿಗೂ ತೋರಿಸಿಕೊಂಡು ಬಂದಳು.

ಅಕ್ಕನಿಗೆ ಹೇಳಬೇಕಂತೆ: ಡಾಕ್ಟರು ಜೋಳಿಗೆ ತೆಗೆದ ಮೇಲೆ ಕೈ ಹಾಗೇ ಇಟ್ಟುಕೊಳ್ಳಬಾರದು, ಭುಜ ಹಿಡಿದುಕೊಳ್ಳುತ್ತೆ. ನೋವಾದರೂ ದಿನಾ ಸ್ವಲ್ಪ ಸ್ವಲ್ಪ ಮೇಲೆ ಎತ್ತಬೇಕು. ಏನಾದರೂ ಮನೆಗೆಲಸದ ನೆಪ ಮಾಡಿಕೊಂಡು ಎತ್ತಿದರೆ ಬೇಜಾರಾಗಲ್ಲ.

ಏಪ್ರಿಲ್ ಮೂರನೇ ವಾರಕ್ಕೆ ರಸ್ತೆ ತೆರೆಯುತ್ತಾರೆ. ಮೊದಲ ಜೀಪಿನಲ್ಲೇ ಇಬ್ಬರೂ ಹೊರಟು ಬರುತ್ತೇವೆ. ಭಾವ, ಆ ವಾಷರ್ ಸಂಗತಿ ಇಲ್ಲಿ ಫಿಟ್ಟರ್‌ಗಳಿಗೆಲ್ಲ ಹೇಳಿದೆ. ನಿಮಗೆ ಇಲ್ಲಿ ಕೆಲಸ ಕೊಡುವುದಿಲ್ಲವಂತೆ.

ಮರಿ


ಏಪ್ರಿಲ್ 9

ಪ್ರೀತಿಯ ಮರಿ,

ನೀವಿಬ್ಬರೂ ಬರುವ ಮೊದಲು ತಲುಪುವ ಕಾಗದ ಬಹುಶಃ ಇದೇ. ಮಹಡಿಯ ಕೋಣೆಗೆ ಬಣ್ಣ ಹಚ್ಚಿಸಿದ್ದೇವೆ. ನಿನ್ನ ಅಕ್ಕ ಹಳದಿ ಎಂದಳು, ನಾನು ಬಿಳಿ ಎಂದೆ. ಹಳದಿ ಹಚ್ಚಿಸಿದ್ದೇವೆ.

ಜೋಳಿಗೆ ಬಿಚ್ಚಿ ಎರಡು ವಾರವಾಯಿತು. ಮೂಳೆ ಪೂರ್ತಿ ಕೂಡಿದೆ. ಕೈ ಭುಜದ ಮಟ್ಟಕ್ಕೆ ಬರುತ್ತದೆ, ಅದರ ಮೇಲೆ ಎತ್ತಲು ಹಲ್ಲು ಕಚ್ಚುತ್ತಾಳೆ. ಜಡೆಯನ್ನು ಈಗ ತಾನೇ ಹೆಣೆದುಕೊಳ್ಳುತ್ತಾಳೆ, ಮುಂದಕ್ಕೆ ಹಾಕಿಕೊಂಡು. ನನ್ನ ನೌಕರಿ ಮುಗಿಯಿತು ಎಂದುಕೊಂಡು ಈ ಭಾನುವಾರ ಪೇಪರ್ ಹಿಡಿದು ಕೂತಿದ್ದೆ. ಅಡುಗೆಮನೆಯಿಂದ ಕುರ್ಚಿ ಎಳೆಯುವ ಸದ್ದು ಬಂತು.

“ಏನ್ರೀ, ಬನ್ನಿ ಇಲ್ಲಿ.”

ಹೋದೆ. ಟವೆಲ್ ಮಡಚಿ ಸಿಂಕಿನ ಅಂಚಿಗೆ ಇಟ್ಟಿದ್ದಳು. ಕುರ್ಚಿ ಖಾಲಿ ಇತ್ತು.

“ಕೂತ್ಕೊಳ್ಳಿ.”

“ನಾನಾ? ನನ್ನ ತಲೇಲಿ ತೊಳೆಯೋಕೆ ಏನಿದೆ?”

“ಇರೋದನ್ನ ತೊಳೀತೀನಿ. ಕೈ ಎತ್ತೋದು ಅಭ್ಯಾಸ ಆಗ್ಬೇಕು ಅಂತ ಮರಿಯ ಹುಡುಗಿ ಹೇಳಿದ್ದಾಳಲ್ಲ.”

ಕನ್ನಡಕ ತೆಗೆದು ಕೂತೆ. ತಲೆ ಹಿಂದಕ್ಕೆ ಚಾಚಿದರೆ ಚಾವಣಿ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದೂ ಮಸುಕು. ಕಣ್ಣು ಮುಚ್ಚಿದೆ. ನೀರು ಬೆಚ್ಚಗಿತ್ತು. ಅವಳ ಬಲಗೈ ನಿಧಾನವಾಗಿ ಹಣೆಯಿಂದ ನೆತ್ತಿಯವರೆಗೆ ಬರುತ್ತಿತ್ತು, ಅಲ್ಲಿ ಒಂದು ಕ್ಷಣ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು, ಮತ್ತೆ ಬರುತ್ತಿತ್ತು. ಯಾರಾದರೂ ನನ್ನ ತಲೆ ತೊಳೆದು ಎಷ್ಟು ಕಾಲವಾಯಿತೋ. ಅಮ್ಮ ತೊಳೆಯುತ್ತಿದ್ದಿರಬೇಕು.

ಆ ಕುರ್ಚಿಯಲ್ಲಿ ಕೂತರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ ಎನ್ನುವುದು ನನಗೆ ಅರ್ಥವಾಯಿತು. ಇಷ್ಟು ದಿನ ನಿನಗೂ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ.

“ನೀನು ಬಿದ್ದ ದಿವಸ ನಂಗೆ ತುಂಬಾ ಹೆದರಿಕೆ ಆಗಿತ್ತು ಕಣೆ,” ಎಂದೆ. “ಕರೆದ್ರೆ ಮಾತಾಡ್ಲಿಲ್ಲ ನೀನು.”

ಅವಳ ಕೈ ಮತ್ತೆ ಹಣೆಯ ಮೇಲೆ ಬಂತು.

“ಗೊತ್ತು,” ಎಂದಳು. “ತಲೆ ಅಲ್ಲಾಡಿಸಬೇಡಿ, ಕಣ್ಣಿಗೆ ಸೋಪು ಹೋಗುತ್ತೆ.”

ನಿನ್ನ ಭಾವ